ಆಪ್ತರಿದ್ದಾರೆ, ಎಚ್ಚರಿಕೆ

ಗೆಳತಿಯ ಮಾನ ಕಾಪಾಡುತ್ತೇನೆಂದು ಒಬ್ಬಳು ಬರೆಯಲು ಕೂರುತ್ತಾಳೆ. ಬರೆದು ಮುಗಿಸುವ ಹೊತ್ತಿಗೆ ಗೆಳತಿಯ ಮಾನವೊಂದು ಬಿಟ್ಟು ಬೇರೆಲ್ಲ ಭದ್ರವಾಗಿ ಉಳಿದಿರುತ್ತದೆ. ಯಾವ ದಿನ ಏನಾಯಿತು, ಎಲ್ಲಿ ಆಯಿತು, ಯಾರ ಜೊತೆ ಎಷ್ಟು ಹೊತ್ತು ಇದ್ದಳು, ಎಲ್ಲ.

ಜೋಯಿ ಹೆಲರ್ ಎಂಬ ಇಂಗ್ಲಿಷ್ ಲೇಖಕಿ 2003ರಲ್ಲಿ ಪ್ರಕಟಿಸಿದ ‘ನೋಟ್ಸ್ ಆನ್ ಎ ಸ್ಕ್ಯಾಂಡಲ್’ ಕಾದಂಬರಿ ಇದು. ಆ ವರ್ಷ ಬೂಕರ್ ಪ್ರಶಸ್ತಿಯ ಅಂತಿಮ ಪಟ್ಟಿಯಲ್ಲಿತ್ತು. 2006ರಲ್ಲಿ ಸಿನಿಮಾ ಆಯಿತು. ಜೂಡಿ ಡೆಂಚ್, ಕೇಟ್ ಬ್ಲಾಂಚೆಟ್ ಇಬ್ಬರ ಹೆಸರೂ ಆಸ್ಕರ್‌ಗೆ ಹೋಯಿತು.

ಕೊರಟಗೆರೆ ತಾಲ್ಲೂಕಿನ ನಮ್ಮ ಕೋಳಾಲ ಹೋಬಳಿಯಲ್ಲಿ ಇದನ್ನು ಓದಿದವರನ್ನು ಹುಡುಕುವುದು ಕಷ್ಟ. ಓದುವ ಅಗತ್ಯವೂ ಇಲ್ಲ. ಇಲ್ಲಿ ಎಲ್ಲರೂ ಅದನ್ನು ದಿನಾ ಬರೆಯುತ್ತಿದ್ದಾರೆ.

ಕತೆ ಸರಳ. ಉತ್ತರ ಲಂಡನ್ನಿನ ಒಂದು ಸರ್ಕಾರಿ ಶಾಲೆ. ಬಾರ್ಬರಾ ಕವೆಟ್ ಅಲ್ಲಿ ಇತಿಹಾಸದ ಮೇಡಂ. ನಿವೃತ್ತಿ ಹತ್ತಿರ. ಮದುವೆಯಿಲ್ಲ, ಮಕ್ಕಳಿಲ್ಲ, ಮನೆಯಲ್ಲೊಂದು ಮುದಿ ಬೆಕ್ಕು. ಮಣ್ಣಿನ ಪಾತ್ರೆ ಮಾಡುವುದನ್ನು ಕಲಿಸಲು ಶೀಬಾ ಹಾರ್ಟ್ ಎಂಬ ಹೊಸ ಟೀಚರ್ ಬರುತ್ತಾಳೆ. ನಲವತ್ತು ದಾಟಿದವಳು, ಚೆಲುವೆ, ಉಳ್ಳವರ ಮನೆಯವಳು. ಗಂಡ, ಇಬ್ಬರು ಮಕ್ಕಳು. ಈ ಶೀಬಾ 15 ವರ್ಷದ ವಿದ್ಯಾರ್ಥಿಯೊಬ್ಬನ ಜೊತೆ ದೈಹಿಕ ಸಂಬಂಧ ಇಟ್ಟುಕೊಳ್ಳುತ್ತಾಳೆ. ಅದು ಬಾರ್ಬರಾಗೆ ಗೊತ್ತಾಗುತ್ತದೆ.

ಕತೆ ಅಲ್ಲಿಗೇ ಮುಗಿಯಬೇಕಿತ್ತು. ಗೊತ್ತಾದ ದಿನವೇ ಪೊಲೀಸರಿಗೆ ಒಂದು ಮಾತು ಹೇಳಿದ್ದರೆ ಕಾದಂಬರಿಯೇ ಇರುತ್ತಿರಲಿಲ್ಲ. ಬಾರ್ಬರಾ ಹೇಳಲಿಲ್ಲ. ಹುಡುಗನ ಮೇಲಿನ ಕನಿಕರಕ್ಕೂ ಅಲ್ಲ, ಶೀಬಾ ಮೇಲಿನ ಮಮತೆಗೂ ಅಲ್ಲ. ಗುಟ್ಟು ಕೈಗೆ ಸಿಕ್ಕಿತು. ಇನ್ನು ಗೆಳತಿ ಎಲ್ಲಿಗೆ ಹೋಗುತ್ತಾಳೆ?

ತಿಳಿದವರು ಇದಕ್ಕೆ ಗೀಳಿನ ಸ್ನೇಹ ಎಂದು ಹೆಸರಿಡುತ್ತಾರೆ. ನನಗೆ ಕಾಣುವುದು ಗಿರವಿ ಅಂಗಡಿ. ಒಂದು ವ್ಯತ್ಯಾಸ ಇದೆ. ಚಿನ್ನ ಇಟ್ಟರೆ ಸೇಟು ಚೀಟಿ ಕೊಡುತ್ತಾನೆ, ಗುಟ್ಟು ಇಟ್ಟವರಿಗೆ ಚೀಟಿ ಇಲ್ಲ. ಬಡ್ಡಿ ಮಾತ್ರ ದಿನಾ ವಸೂಲಿ. ಫೋನ್ ಯಾಕೆ ಎತ್ತಲಿಲ್ಲ? ಭಾನುವಾರ ಮನೆಗೆ ಯಾಕೆ ಕರೆಯಲಿಲ್ಲ? ಅವಳ ಜೊತೆ ಅಷ್ಟು ನಗುನಗುತ್ತಾ ಮಾತಾಡಿದೆಯಲ್ಲ, ನನ್ನ ಜೊತೆ ಯಾಕಿಲ್ಲ?

ಬಾರ್ಬರಾ ತನ್ನ ಬರಹದಲ್ಲಿ ಮುಖ್ಯ ಘಟನೆಗಳಿಗೆ ಚಿನ್ನದ ಬಣ್ಣದ ನಕ್ಷತ್ರ ಅಂಟಿಸುತ್ತಾಳೆ. ಮಕ್ಕಳ ಕಾಪಿ ಪುಸ್ತಕಕ್ಕೆ ಮೇಡಂಗಳು ಸ್ಟಾರ್ ಕೊಡುವುದಿಲ್ಲವೇ, ಅದೇ. ಇನ್ನೊಬ್ಬರ ಬಾಳು ಹಾಳಾಗುವುದಕ್ಕೂ ಹಾಜರಿ ಪುಸ್ತಕ ಇಟ್ಟವಳು ಇವಳು. ಇಂಥವಳನ್ನು ಹುಚ್ಚಿ ಎಂದು ತಳ್ಳಿಹಾಕುವುದು ಸುಲಭ. ಅವಳು ಹುಚ್ಚಿ ಅಲ್ಲ. ಬಹಳ ಶಿಸ್ತಿನವಳು. ವ್ಯಾಕರಣ ತಪ್ಪುವುದಿಲ್ಲ. ಬೇರೆಯವರ ಬಟ್ಟೆ, ಊಟ, ಮಾತು ಎಲ್ಲದರಲ್ಲೂ ತಪ್ಪು ಹುಡುಕಿ ಕೆಂಪು ಶಾಯಿಯಲ್ಲಿ ಗುರುತು ಹಾಕುವ ಬುದ್ಧಿ. ಕಾದಂಬರಿಯುದ್ದಕ್ಕೂ ಅವಳ ಒಂದು ತಪ್ಪೂ ಅವಳಿಗೆ ಕಾಣುವುದಿಲ್ಲ. ಹೆಲರ್ ಅವರ ಜಾಣತನ ಅಲ್ಲಿದೆ. ಕತೆಯನ್ನು ದ್ರೋಹಿಯ ಬಾಯಿಂದಲೇ ಹೇಳಿಸಿದ್ದಾರೆ. ಓದುವ ನಮಗೆ ಮೊದಲರ್ಧ ಪೂರ್ತಿ ಅವಳು ನಮ್ಮ ಕಡೆಯವಳು ಅನ್ನಿಸುತ್ತದೆ. ಯಾಕೆ ಅನ್ನಿಸಿತು ಎಂದು ನಾವು ಕೇಳಿಕೊಳ್ಳುವುದಿಲ್ಲ. ಕೇಳಿಕೊಂಡರೆ ನಮ್ಮ ವಾಟ್ಸಾಪ್ ತೆರೆದು ನೋಡಬೇಕಾಗುತ್ತದೆ.

ಬಡ್ಡಿ ಬರುವುದು ನಿಂತಾಗ ಏನಾಯಿತು?

ಬೆಕ್ಕಿಗೆ ಕಾಯಿಲೆ ಬಂತು. ಬಾರ್ಬರಾ ದುಃಖದಲ್ಲಿದ್ದಾಗ ಶೀಬಾಗೆ ಅವಳಿಗಾಗಿ ಹೊತ್ತು ಇರಲಿಲ್ಲ. ಅದೇ ಸಮಯಕ್ಕೆ ಬ್ಯಾಂಗ್ಸ್ ಎಂಬ ಸಹೋದ್ಯೋಗಿ ಬಂದು, ಶೀಬಾ ಮೇಲೆ ನನಗೆ ಮನಸ್ಸಿದೆ ಎಂದು ತೋಡಿಕೊಂಡ. ಬಾರ್ಬರಾಳ ನಾಲಿಗೆ ಜಾರಿತು. ಜಾರಿತು ಎನ್ನುವುದು ಅವಳ ಲೆಕ್ಕ. ಸುದ್ದಿ ಹೆಡ್‌ಮಾಸ್ಟರ್ ಕಿವಿಗೆ ಹೋಯಿತು, ಪೊಲೀಸರಿಗೆ ಹೋಯಿತು, ಪತ್ರಿಕೆಗಳಿಗೆ ಹಬ್ಬವಾಯಿತು.

ಹುಡುಗನಿಗಾಗಿ ಅಷ್ಟು ದಿನ ತೆರೆಯದ ಬಾಯಿ ಬೆಕ್ಕಿಗಾಗಿ ತೆರೆಯಿತು.

ಶೀಬಾಳ ಕೆಲಸ ಹೋಯಿತು, ಗಂಡ ದೂರವಾದ, ಮಕ್ಕಳು ಕೈತಪ್ಪಿದರು. ಆಗ ಕಣ್ಣೀರು ಒರೆಸಲು ಬಂದವಳು ಯಾರು? ಬಾರ್ಬರಾ. ಇಬ್ಬರೂ ಒಂದೇ ಸೂರಿನಡಿ ಇರತೊಡಗುತ್ತಾರೆ. ಇವಳು ಅಡುಗೆ ಮಾಡುತ್ತಾಳೆ, ಸಮಾಧಾನ ಹೇಳುತ್ತಾಳೆ, ರಾತ್ರಿ ಕೂತು ಬರೆಯುತ್ತಾಳೆ. ಕೊನೆಗೆ ಶೀಬಾ ಕೈಗೆ ಆ ಬರಹ ಸಿಗುತ್ತದೆ. ಸಿಕ್ಕಿ ಏನು ಮಾಡಬೇಕು? ಹೋಗಲು ಬೇರೆ ಜಾಗ ಉಳಿದಿಲ್ಲ.

ಇಂಥ ಕತೆಗೆ ಲಂಡನ್ನೇ ಬೇಕೆಂದೇನೂ ಇಲ್ಲ. ನಮ್ಮದು ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ನಾಲ್ಕು ತಾಲ್ಲೂಕು. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ನಮ್ಮದು ರಾಜ್ಯಕ್ಕೆ ಎಷ್ಟನೇ ಸ್ಥಾನ ಎಂದು ಪತ್ರಿಕೆಗಳು ಅಚ್ಚು ಹಾಕುತ್ತವೆ. ಸ್ಟಾಫ್ ರೂಮಿನ ಫಲಿತಾಂಶ ಯಾರೂ ಪ್ರಕಟಿಸುವುದಿಲ್ಲ. ಪ್ರಕಟಿಸಿದರೆ ನೂರಕ್ಕೆ ನೂರು.

ಇಲ್ಲಿ ಬಾರ್ಬರಾ ಕಾದಂಬರಿ ಬರೆಯುವುದಿಲ್ಲ. ಮೂಗರ್ಜಿ ಬರೆಯುತ್ತಾಳೆ. ಗಂಡಸಾದರೆ ಬರೆಯುತ್ತಾನೆ, ಇದರಲ್ಲಿ ಸಮಾನತೆ ಪೂರ್ತಿ ಜಾರಿಯಾಗಿದೆ. ಸಹಿ ಇರುವುದಿಲ್ಲ. ‘ನೊಂದ ಪೋಷಕರು’ ಎಂದು ಇರುತ್ತದೆ. ಒಳಗಿನ ವಿವರ ಓದಿದರೆ ಬರೆದವರು ಪಕ್ಕದ ಕುರ್ಚಿಯವರು ಎಂದು ಗೊತ್ತಾಗುತ್ತದೆ. ಒಂದು ಪ್ರತಿ ಬಿಇಒ ಕಚೇರಿಗೆ, ಒಂದು ಡಿಡಿಪಿಐಗೆ, ಒಂದು ಪತ್ರಿಕೆಯವರಿಗೆ. ಮಕ್ಕಳ ಸಹಾಯವಾಣಿಗೆ ಮಾತ್ರ ಪ್ರತಿ ಇಲ್ಲ. ಅಲ್ಲಿಗೆ ಹೇಳಿದರೆ ವರ್ಗಾವಣೆಗೆ ಉಪಯೋಗವಿಲ್ಲ.

ಮೂಗರ್ಜಿ ಬರೆದವರು ಮಾರನೇ ದಿನ ಬಂದು ಹೆಗಲ ಮೇಲೆ ಕೈ ಹಾಕುತ್ತಾರೆ. “ಯಾರೋ ಕಂಪ್ಲೇಂಟ್ ಕೊಟ್ಟವ್ರಂತೆ ಸಾರ್. ಎಂಥಾ ಜನ ಇರ್ತಾರೆ ನೋಡಿ.”

ನಾಚಿಕೆ ಎಂಬುದು ಈ ಪಠ್ಯಕ್ರಮದಲ್ಲಿ ಇಲ್ಲ.

ನಮ್ಮ ಕಡೆ ಊರೂರಲ್ಲೂ ಕುರುಕ್ಷೇತ್ರ ನಾಟಕ ಆಡುತ್ತಾರೆ. ಪಾತ್ರಕ್ಕೆ ದುಡ್ಡು ಕಟ್ಟಿ ಬಣ್ಣ ಹಚ್ಚಿಕೊಳ್ಳುತ್ತಾರೆ. ದುರ್ಯೋಧನನಿಗೆ ಹೆಚ್ಚು, ಕೃಷ್ಣನಿಗೂ ಹೆಚ್ಚು. ಹಾರ್ಮೋನಿಯಂ ಶ್ರುತಿ ಹಿಡಿದರೆ ಬೆಳಗಾಗುವವರೆಗೆ ಕರ್ಣನ ಸ್ನೇಹಕ್ಕೆ ಕಣ್ಣೀರು. ಬೆಳಿಗ್ಗೆ ಬಣ್ಣ ತೊಳೆದುಕೊಂಡು ಅದೇ ಕರ್ಣ ಗೆಳೆಯನ ಜಮೀನಿನ ತಕರಾರಿಗೆ ಎದುರುಪಾರ್ಟಿಯ ಸಾಕ್ಷಿ. ಶಕುನಿ ಪಾತ್ರ ಮಾತ್ರ ರಿಹರ್ಸಲ್ ಇಲ್ಲದೆ ಆಡುವವರು ಎಲ್ಲ ಊರಲ್ಲೂ ಇದ್ದಾರೆ.

ಆ 15 ವರ್ಷದ ಹುಡುಗನ ವಿಷಯಕ್ಕೆ ಬರೋಣ. ಯಾರೂ ಬರುವುದಿಲ್ಲ, ನಾವಾದರೂ ಬರೋಣ.

ಕಾದಂಬರಿಯಲ್ಲಿ ಅವನ ಹೆಸರು ಸ್ಟೀವನ್ ಕಾನಲಿ. ಬಾರ್ಬರಾಗೆ ಅವನೊಂದು ತೊಂದರೆ. ಶೀಬಾಗೆ ಅವನೊಂದು ಮೋಹ. ಪತ್ರಿಕೆಗಳಿಗೆ ಅವನೊಂದು ಹೆಡ್‌ಲೈನ್. ಸಿನಿಮಾ ವಿಮರ್ಶಕರು ಇಬ್ಬರು ಮಹಾನಟಿಯರ ಜುಗಲ್‌ಬಂದಿ ಎಂದು ಹೊಗಳಿ ಮನೆಗೆ ಹೋದರು. ಶಿಕ್ಷಕಿ ಒಬ್ಬ ಬಾಲಕನ ಮೇಲೆ ಎಸಗಿದ ಅಪರಾಧವನ್ನು ‘ಅಫೇರ್’ ಎಂದು ಬರೆಯುವ ಕೈಗಳಿಗೆ ನಡುಕವೇ ಇಲ್ಲ.

ನಮ್ಮ ಟೀ ಅಂಗಡಿ ಇನ್ನೂ ಮೇಲು. “ಗಂಡುಡ್ಗ ತಾನೇ, ಅವನ್ಗೇನ್ ನಷ್ಟ?” ಎನ್ನುತ್ತದೆ. ಅದೇ ಹುಡುಗಿಯಾಗಿದ್ದರೆ “ಅವಳ್ದೂ ತಪ್ಪಿರ್ತದೆ ಬಿಡಿ” ಎನ್ನುತ್ತದೆ. ಒಟ್ಟಿನಲ್ಲಿ ಮಗು ಗಂಡಾದರೆ ಅದೃಷ್ಟವಂತ, ಹೆಣ್ಣಾದರೆ ಆರೋಪಿ. ತೀರ್ಪು ಕೊಟ್ಟ ಬಾಯಿಗೆ ಒಂದು ಗುಟುಕು ಟೀ.

2012ರ ನವೆಂಬರ್ 14ರಿಂದ ಈ ದೇಶದಲ್ಲಿ ಪೋಕ್ಸೊ ಕಾಯ್ದೆ ಜಾರಿಯಲ್ಲಿದೆ. ಮಗು ಗಂಡೋ ಹೆಣ್ಣೋ ಎಂದು ಅದು ಕೇಳುವುದಿಲ್ಲ. ಹದಿನೆಂಟು ತುಂಬಿಲ್ಲವೆಂದರೆ ಮಗು. ಅದರ ಸೆಕ್ಷನ್ 19 ಹೇಳುವುದು ಇಷ್ಟೆ: ಇಂಥ ಅಪರಾಧ ನಡೆದಿದೆ ಎಂದು ಯಾರಿಗೇ ಗೊತ್ತಾಗಲಿ, ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ ಸೆಕ್ಷನ್ 21ರ ಪ್ರಕಾರ ಆರು ತಿಂಗಳವರೆಗೆ ಜೈಲು, ಇಲ್ಲವೇ ದಂಡ, ಇಲ್ಲವೇ ಎರಡೂ. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧ ಮುಚ್ಚಿಟ್ಟರೆ ಒಂದು ವರ್ಷದವರೆಗೆ.

ಅಂದರೆ ಬಾರ್ಬರಾ ಕೊರಟಗೆರೆಯಲ್ಲಿ ಇದ್ದಿದ್ದರೆ ಕಾನೂನಿನ ಕಣ್ಣಿಗೆ ಅವಳೂ ಆರೋಪಿಯೇ. ಗೆಳತಿಯಲ್ಲ, ಸಾಕ್ಷಿಯಲ್ಲ, ಲೇಖಕಿಯಂತೂ ಅಲ್ಲ.

ಆದರೆ ಇಲ್ಲಿ ಅವಳನ್ನು ಯಾರು ಹಿಡಿಯುತ್ತಿದ್ದರು? ಗೊತ್ತಿದ್ದೂ ಸುಮ್ಮನಿದ್ದವರನ್ನೆಲ್ಲ ಹಿಡಿದರೆ ಊರಿನ ಹಿರಿಯರ ಪಟ್ಟಿ ಖಾಲಿಯಾಗುತ್ತದೆ. ರಾಜಿ ಪಂಚಾಯಿತಿಗೆ ಕೂರಲು ಜನ ಸಿಗುವುದಿಲ್ಲ.

2023ರ ಡಿಸೆಂಬರ್‌ನಲ್ಲಿ ಪಕ್ಕದ ಜಿಲ್ಲೆಯ ಸರ್ಕಾರಿ ಶಾಲೆಯೊಂದರ ಪ್ರವಾಸದ ಫೋಟೊಗಳು ಹರಿದಾಡಿದವು. ಶಿಕ್ಷಕಿ, ಜೊತೆಗೊಬ್ಬ ವಿದ್ಯಾರ್ಥಿ. ಇಲಾಖೆ ಅಮಾನತು ಮಾಡಿತು, ಅದು ಇಲಾಖೆಯ ಕೆಲಸ. ಉಳಿದವರು ಮಾಡಿದ ಕೆಲಸ ಏನು? “ಛೇ, ಆ ಹುಡುಗನ ಭವಿಷ್ಯ ಏನು?” ಎಂದು ಬರೆದು, ಕೆಳಗೆ ಆ ಹುಡುಗನ ಮುಖ ಕಾಣುವ ಫೋಟೊ ಹಾಕಿ ಕಳಿಸಿದರು. ಶಿಕ್ಷಕರ ಗುಂಪುಗಳಲ್ಲಿ ಬಂತು. ಹಳೇ ವಿದ್ಯಾರ್ಥಿಗಳ ಗುಂಪಿನಲ್ಲಿ ಬಂತು. ದೇವಸ್ಥಾನದ ಜೀರ್ಣೋದ್ಧಾರದ ಗುಂಪಿನಲ್ಲೂ ಬಂತು. ಚಿಂತೆ ಎಷ್ಟು ಆಳವಾಗಿತ್ತೆಂದರೆ ಕೆಲವರು ಎರಡೆರಡು ಸಲ ಕಳಿಸಿದರು.

ಶಾಲೆಯವರನ್ನೇ ಬೈದರೆ ಸಾಲದು. ವಿಧಾನಸೌಧವನ್ನೂ ನೋಡೋಣ. ಅಲ್ಲಿ ಸ್ನೇಹಕ್ಕೆ ಸರ್ಕಾರಿ ಕಾರು ಇದೆ.

2019ರಲ್ಲಿ ಒಟ್ಟಿಗೆ ರಾಜೀನಾಮೆ ಕೊಟ್ಟು, ಒಟ್ಟಿಗೆ ಮುಂಬೈ ಹೋಟೆಲಿನಲ್ಲಿ ಕೂತು, ಒಟ್ಟಿಗೆ ಪಕ್ಷ ಬದಲಿಸಿದ ಶಾಸಕರ ಗುಂಪನ್ನು ಪತ್ರಿಕೆಗಳು ‘ಮಿತ್ರಮಂಡಳಿ’ ಎಂದು ಕರೆದವು. 2021ರ ಮಾರ್ಚ್‌ನಲ್ಲಿ ಅವರ ಮುಂದಾಳು, ಅಂದಿನ ಸಚಿವ ರಮೇಶ ಜಾರಕಿಹೊಳಿ ಮೇಲೆ ಸಿಡಿ ಆರೋಪ ಬಂತು. ಅವರು ನಿರಾಕರಿಸಿದರು, ಮಾರ್ಚ್ 3ರಂದು ರಾಜೀನಾಮೆಯನ್ನೂ ಕೊಟ್ಟರು. ಮಿತ್ರರು ಏನು ಮಾಡಿದರು? ಆರು ಜನ ಸಚಿವರು ಆ ವಾರವೇ ಕೋರ್ಟಿಗೆ ಓಡಿದರು. ಗೆಳೆಯನ ಪರವಾಗಿ ಅಲ್ಲ. ತಮ್ಮ ಮಾನಕ್ಕೆ ಕುಂದು ತರುವಂಥದ್ದನ್ನು ಮಾಧ್ಯಮಗಳು ಪ್ರಸಾರ ಮಾಡಬಾರದು ಎಂದು ತಡೆ ಕೇಳಲು. ಸಿಕ್ಕಿತು.

ಆ ಆರರಲ್ಲಿ ಒಬ್ಬರಾದ ಕೆ. ಸುಧಾಕರ್ ಅದೇ ತಿಂಗಳು ಇನ್ನೊಂದು ಸಲಹೆ ಕೊಟ್ಟರು. 225 ಶಾಸಕರ ಮೇಲೂ ತನಿಖೆ ನಡೆಯಲಿ, ಏಕಪತ್ನೀವ್ರತಸ್ಥರು ಯಾರೆಂದು ತಿಳಿಯಲಿ ಎಂದರು. ಗದ್ದಲವಾಯಿತು, ವಿಷಾದ ವ್ಯಕ್ತಪಡಿಸಿದರು. ನಮ್ಮ ರಾಜಕೀಯದಲ್ಲಿ ವಿಷಾದ ವ್ಯಕ್ತಪಡಿಸಬೇಕಾಗಿ ಬರುವುದು ಯಾವಾಗಲೂ ಕುತೂಹಲಕರ ಸಲಹೆಗಳಿಗೇ.

ಇನ್ನು ನಮ್ಮ ಮನೆಯಂಗಳ. 2025ರ ಮಾರ್ಚ್ 20. ವಿಧಾನಸಭೆಯಲ್ಲಿ ಮಧುಗಿರಿ ಶಾಸಕರೂ ಅಂದಿನ ಸಹಕಾರ ಸಚಿವರೂ ಆದ ಕೆ.ಎನ್. ರಾಜಣ್ಣ ಎದ್ದು ನಿಂತು, ತಮ್ಮನ್ನು ಹನಿಟ್ರ್ಯಾಪ್‌ಗೆ ಕೆಡವುವ ಪ್ರಯತ್ನ ನಡೆದಿದೆ ಎಂದರು. 48 ಜನರ ಸಿಡಿ, ಪೆನ್‌ಡ್ರೈವ್ ಇವೆ, ಎಲ್ಲ ಪಕ್ಷದವರೂ ಇದ್ದಾರೆ ಎಂದರು. ಉನ್ನತ ಮಟ್ಟದ ತನಿಖೆ ಮಾಡಿಸುತ್ತೇನೆ ಎಂದು ಉತ್ತರ ಕೊಟ್ಟವರು ಗೃಹ ಸಚಿವ ಜಿ. ಪರಮೇಶ್ವರ, ನಮ್ಮ ಕೊರಟಗೆರೆಯ ಶಾಸಕರು. ದೂರು ಹೇಳಿದವರದು ಒಂದು ತಾಲ್ಲೂಕು, ಕೇಳಿಸಿಕೊಂಡವರದು ಅದಕ್ಕೆ ಅಂಟಿಕೊಂಡ ಪಕ್ಕದ ತಾಲ್ಲೂಕು. ಇಷ್ಟು ಹತ್ತಿರದ ಮಾತಿಗೆ ಬೆಂಗಳೂರಿನವರೆಗೆ ಹೋಗಬೇಕಾಯಿತು. ಸದನ ಬೆಚ್ಚಿಬಿದ್ದಂತೆ ಮಾಡಿತು. ಮರುದಿನ ಬಿಜೆಪಿಯ 18 ಶಾಸಕರು ಗದ್ದಲಕ್ಕಾಗಿ ಅಮಾನತಾದರು.

ಅಂಥದ್ದು 48 ಇವೆ ಎಂದರೆ ತೆಗೆದಿಟ್ಟುಕೊಂಡವರೂ ಇರಬೇಕಲ್ಲ. ಅಪರಿಚಿತರು ಒಳಕೋಣೆಗೆ ಬರುವುದಿಲ್ಲ. ಬರುವವರು ಆಪ್ತರು. ಆಪ್ತ ಸಹಾಯಕರು, ಆಪ್ತ ಸ್ನೇಹಿತರು, ಆಪ್ತ ವಲಯದವರು. ಬಾಗಿಲಲ್ಲಿ ಗನ್‌ಮ್ಯಾನ್ ನಿಲ್ಲಿಸುತ್ತಾರೆ. ಅವನು ಸೆಲ್ಯೂಟ್ ಹೊಡೆದು ಒಳಗೆ ಬಿಡುವುದು ಇವರನ್ನೇ.

ಇದನ್ನು ಕಾದಂಬರಿಯಲ್ಲಿ ಓದಬೇಕೆನ್ನುವವರಿಗೆ ಕನ್ನಡದಲ್ಲೇ ಪುಸ್ತಕ ಇದೆ. ಯಶವಂತ ಚಿತ್ತಾಲರ ‘ಶಿಕಾರಿ’, 1979. ಮುಂಬೈಯ ಕಂಪನಿಯೊಂದರ ಅಧಿಕಾರಿ ನಾಗಪ್ಪ ಯಾವ ತಪ್ಪಿಗೆ ಎಂದು ತಿಳಿಯದೆಯೇ ಅಮಾನತಾಗುತ್ತಾನೆ. ಅಲ್ಲಿಂದ ಮುಂದೆ ತನ್ನವರೆಂದುಕೊಂಡಿದ್ದ ಒಬ್ಬೊಬ್ಬರ ಮುಖವೂ ಅವನಿಗೆ ಬೇರೆಯಾಗಿ ಕಾಣತೊಡಗುತ್ತದೆ. ಬೇಟೆಯಾಡುವವರು ಕಾಡಿನಿಂದ ಬರುವುದಿಲ್ಲ, ಜೊತೆಗೆ ಊಟ ಮಾಡಿದವರೇ ಬರುತ್ತಾರೆ. ಚಿತ್ತಾಲರು ಇದನ್ನು ಬರೆದು ನಾಲ್ಕು ದಶಕ ದಾಟಿತು. ನಾವು ಅದಕ್ಕೆ ಆಧುನಿಕ ಮನುಷ್ಯನ ಅಸ್ತಿತ್ವದ ಬಿಕ್ಕಟ್ಟು ಎಂದು ಹೆಸರಿಟ್ಟು ಎಂ.ಎ. ಪರೀಕ್ಷೆಗೆ ಹದಿನೈದು ಅಂಕದ ಪ್ರಶ್ನೆ ಮಾಡಿಕೊಂಡೆವು. ಪಕ್ಕದಲ್ಲಿ ಕೂತವನ ಬಗ್ಗೆ ಎಂದು ಒಪ್ಪಿಕೊಳ್ಳಲು ಕಷ್ಟ.

ಹಾಸನಕ್ಕೆ ಹೋಗದೆ ಈ ಮಾತು ಮುಗಿಯುವುದಿಲ್ಲ.

2024ರ ಏಪ್ರಿಲ್ 26ರಂದು ಅಲ್ಲಿ ಲೋಕಸಭಾ ಮತದಾನ. ಅದಕ್ಕೆ ಕೆಲವೇ ದಿನ ಮೊದಲು ಊರಲ್ಲೆಲ್ಲ ಪೆನ್‌ಡ್ರೈವ್. ಒಳಗೆ ಅಂದಿನ ಸಂಸದ ಪ್ರಜ್ವಲ್ ರೇವಣ್ಣ ಅವರದ್ದೆಂದು ಹೇಳಲಾದ ವಿಡಿಯೊಗಳು. ಆ ವಿಡಿಯೊಗಳು ನನ್ನ ಬಳಿ ಇದ್ದವು, ವಕೀಲರೊಬ್ಬರಿಗೆ ಕೊಟ್ಟಿದ್ದೆ ಎಂದು ಆ ಮನೆಯ ಮಾಜಿ ಚಾಲಕ ಹೇಳಿದ. ಹಂಚಿದ್ದು ನಾನಲ್ಲ ಎಂದು ವಕೀಲರು ಹೇಳಿದರು. ಹಾಗಾದರೆ ಪೆನ್‌ಡ್ರೈವ್‌ಗಳು ತಾವೇ ನಡೆದುಕೊಂಡು ಬಂದಿರಬೇಕು.

ಹಂಚಿದವರ ಉದ್ದೇಶ ದೊಡ್ಡದಂತೆ. ಸತ್ಯ ಹೊರಗೆ ಬರಬೇಕಂತೆ. ಸತ್ಯದ ಜೊತೆ ಹೆಂಗಸರ ಮುಖಗಳೂ ಹೊರಗೆ ಬಂದವು. ಮಸುಕು ಮಾಡುವಷ್ಟು ವ್ಯವಧಾನ ಯಾರಿಗೂ ಇರಲಿಲ್ಲ, ಮತದಾನದ ದಿನ ಹತ್ತಿರ ಬಂದಿತ್ತು. ದ್ರೋಹ ಆದದ್ದು ಯಾರಿಗೆ? ಗೆಳೆತನ ಮುರಿದು ಸಂಸದನಿಗೆ ದ್ರೋಹ ಮಾಡಿದರು ಎಂದು ಒಂದು ಕಡೆಯವರು ಕೂಗಿದರು. ಧೈರ್ಯ ಮಾಡಿ ಬಯಲು ಮಾಡಿದರು ಎಂದು ಇನ್ನೊಂದು ಕಡೆಯವರು. ಆ ಹೆಂಗಸರ ಮಾತು ಎರಡು ಕಡೆಯವರ ಬಾಯಲ್ಲೂ ಇರಲಿಲ್ಲ. ಅವರ ವಿಡಿಯೊ ಮಾತ್ರ ಎರಡು ಕಡೆಯವರ ಫೋನಿನಲ್ಲೂ ಇತ್ತು.

2025ರ ಆಗಸ್ಟ್ 2ರಂದು ವಿಶೇಷ ನ್ಯಾಯಾಲಯ ಒಂದು ಪ್ರಕರಣದಲ್ಲಿ ಪ್ರಜ್ವಲ್‌ಗೆ ಜೀವಾವಧಿ ಶಿಕ್ಷೆ ವಿಧಿಸಿತು. ದೂರು ಕೊಟ್ಟು ಗಟ್ಟಿಯಾಗಿ ನಿಂತವರು ಆ ಕುಟುಂಬದಲ್ಲಿ ಮನೆಗೆಲಸ ಮಾಡಿಕೊಂಡಿದ್ದ ಒಬ್ಬ ಹೆಣ್ಣುಮಗಳು. ಸತ್ಯಕ್ಕಾಗಿ ಪೆನ್‌ಡ್ರೈವ್ ಹಂಚಿದ ವೀರರು ಯಾರೂ “ಹಂಚಿದ್ದು ನಾನೇ” ಎಂದು ಮುಂದೆ ಬರಲಿಲ್ಲ.

ಬಾರ್ಬರಾ ಆದರೂ ತನ್ನ ಹೆಸರಿನಲ್ಲಿ ಬರೆದಳು. ಅಷ್ಟರಮಟ್ಟಿಗೆ ಅವಳೇ ವಾಸಿ.

ಸ್ನೇಹಿತರ ದಿನ ಬಂದರೆ ಕೈಗೆ ಬಣ್ಣದ ದಾರ ಕಟ್ಟುತ್ತೇವೆ. “ಪ್ರಾಣ ಬೇಕಾದ್ರೂ ಕೊಡ್ತೀನಿ ಮಗಾ” ಎಂದು ಸ್ಟೇಟಸ್ ಹಾಕುತ್ತೇವೆ. ಯಾರೂ ಪ್ರಾಣ ಕೇಳುವುದಿಲ್ಲ. ಸ್ಕ್ರೀನ್‌ಶಾಟ್ ಕೊಡದೆ ಇದ್ದರೆ ಸಾಕು. ಆದರೆ ಅದೊಂದನ್ನು ಮಾತ್ರ ಕೇಳುವ ಮೊದಲೇ ಕೊಟ್ಟಿರುತ್ತೇವೆ.

ಇಷ್ಟೆಲ್ಲ ಹೇಳಿದ ಮೇಲೆ ಒಬ್ಬರಾದರೂ ಕೇಳುತ್ತೀರಿ: “ಹಂಗಾದ್ರೆ ಗೆಳೆಯನ ತಪ್ಪು ಮುಚ್ಚಿಡಬೇಕಾ?” ಇದು ಬಾರ್ಬರಾಳ ಪ್ರಶ್ನೆ. ಮುಚ್ಚಿಡುವುದು, ಇಲ್ಲವೇ ಬಸ್‌ಸ್ಟ್ಯಾಂಡಿನಲ್ಲಿ ಬಿಚ್ಚಿಡುವುದು, ಇವೆರಡೇ ದಾರಿ ಎಂದು ಅವಳು ನಂಬಿದ್ದಳು. ನಡುವೆ ಪೊಲೀಸ್ ಠಾಣೆ ಇದೆ. ಕೋಳಾಲದಲ್ಲೂ ಇದೆ. ದೊಡ್ಡವರಿಬ್ಬರು ತಮ್ಮ ಒಪ್ಪಿಗೆಯಿಂದ ಮಾಡಿಕೊಂಡದ್ದು ನಿಮಗೆ ಗೊತ್ತಿದ್ದರೆ ಅದು ನಿಮ್ಮ ವಿಷಯ ಅಲ್ಲ, ಟೀ ಕುಡಿದು ಮನೆಗೆ ಹೋಗಿ. ಯಾರಿಗಾದರೂ ಬಲವಂತ ನಡೆದಿದ್ದರೆ ಅವರ ಜೊತೆ ಠಾಣೆಗೆ ಹೋಗಿ, ಅವರ ಫೋಟೊ ಜೊತೆ ಅಲ್ಲ. ಮಗುವಿನ ವಿಷಯವಾದರೆ ಗೆಳತಿಗೆ ಹೇಳಬೇಡಿ, ಸ್ಟಾಫ್ ರೂಮಿಗೆ ಹೇಳಬೇಡಿ, ಮೂಗರ್ಜಿ ಬರೆಯಬೇಡಿ, ಬೆಕ್ಕು ಸಾಯುವವರೆಗೆ ಕಾಯಬೇಡಿ. 1098ಕ್ಕೆ ಫೋನ್ ಮಾಡಿ. ಮಕ್ಕಳ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ದುಡ್ಡು ಕಟ್ಟಬೇಕಿಲ್ಲ.